ಗತವೈಭವದ ಮುಂದಿನ ಪುಟ ನಾವು ಬರೆಯೋಣ

ಹೋದ ನವೆಂಬರ್ ಒಂದರಂದು ನಮ್ಮ ಕಾಲೇಜಿನಲ್ಲಿ ಧ್ವಜಾರೋಹಣ ಮುಗಿದ ಮೇಲೆ ಮೇಜಿನ ಮೇಲೆ ಹಿರಿಯರೊಬ್ಬರ ಭಾವಚಿತ್ರ ಇಟ್ಟು ಹಾರ ಹಾಕಿದರು. ಪಕ್ಕದಲ್ಲಿ ಕುಳಿತಿದ್ದ ಗೆಳತಿ ಮೆಲ್ಲಗೆ ಕೇಳಿದಳು: "ಯಾರಿವರು? ಬೇಂದ್ರೆ ಅಜ್ಜಾರೇನು?" ನನಗೂ ಗೊತ್ತಿರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಒಂದು ಹೆಸರು ಹೇಳಿದ, ಮತ್ತೊಬ್ಬ ಇನ್ನೊಂದು ಹೇಳಿದ. ಎದ್ದು ಹೋಗಿ ನೋಡಿದಾಗ ಕೆಳಗೆ ಬರೆದಿತ್ತು: ಆಲೂರು ವೆಂಕಟರಾವ್. ಅಂದು ಭಾಷಣ ಮಾಡಿದ ನಾವೆಲ್ಲ "ಕನ್ನಡ ಕುಲಪುರೋಹಿತರು" ಎಂದು ಒಂದೇ ಸಾಲು ಹೇಳಿ ಮುಂದಕ್ಕೆ ಹೋದೆವು. ನಾನೂ ಹಾಗೆಯೇ ಮಾಡಿದೆ.

ಅದೇ ತಿಂಗಳು ಬೇರೆ ಊರಿನಲ್ಲಿ ಕನ್ನಡ ಭಾಷಣ ಸ್ಪರ್ಧೆ ಇತ್ತು. ನನಗೆ ಎರಡನೇ ಬಹುಮಾನ ಬಂತು. ಬಹುಮಾನ ಕೊಟ್ಟ ಹಿರಿಯರು ಪ್ರೀತಿಯಿಂದಲೇ ಹೇಳಿದರು: "ಭಾಳ ಚಲೋ ಮಾತಾಡಿದಿ ತಂಗಿ. ನಿಮ್ಮ ಮಂದಿ ಇಷ್ಟು ಚಲೋ ಕನ್ನಡ ಮಾತಾಡ್ತಾರಂತ ನನಗ ಗೊತ್ತಿರಲಿಲ್ಲ." ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ನವಲಗುಂದ ಮುಟ್ಟುವ ತನಕ ಅದೇ ಮಾತು ತಲೆಯಲ್ಲಿ ತಿರುಗುತ್ತಿತ್ತು. ನಾನು ಹುಟ್ಟಿದ್ದು ಇದೇ ಎರೆ ಮಣ್ಣಿನಲ್ಲಿ. ಒಂದನೇ ಇಯತ್ತೆಯಿಂದ ಓದಿದ್ದು ಸರಕಾರಿ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ. ನಾನು ಕನ್ನಡ ಮಾತನಾಡಿದರೆ ಅದರಲ್ಲಿ ಆಶ್ಚರ್ಯ ಏನು? ಈ ನಾಡನ್ನು ಯಾರು ಕಟ್ಟಿದರು, ಅದರಲ್ಲಿ ನಮ್ಮ ಪಾಲು ಎಲ್ಲಿದೆ ಎಂದು ತಿಳಿಯಬೇಕು ಅನ್ನಿಸಿತು. ಆ ಭಾವಚಿತ್ರದ ಹಿರಿಯರಿಂದಲೇ ಶುರು ಮಾಡಿದೆ.

ವೆಂಕಟರಾಯರು ಹುಟ್ಟಿದ್ದು 1880ರ ಜುಲೈ 12ರಂದು, ಬಿಜಾಪುರದಲ್ಲಿ. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಕಾನೂನು ಪದವಿ ಪಡೆದು ಧಾರವಾಡಕ್ಕೆ ಬಂದು ವಕೀಲಿ ಹಿಡಿದರು. ಹಿಡಿದ ವಕೀಲಿಯನ್ನೇ ಮುಂದುವರಿಸಿದ್ದರೆ ಮನೆ, ಹೊಲ, ಹಣ ಎಲ್ಲವೂ ಆಗುತ್ತಿತ್ತು. ಆದರೆ ಹಂಪಿ, ಆನೆಗೊಂದಿಯ ಹಾಳು ಗೋಡೆಗಳನ್ನು ಕಂಡ ಮೇಲೆ ಅವರ ಬದುಕಿನ ದಿಕ್ಕು ಬದಲಾಯಿತು. ಇಷ್ಟು ದೊಡ್ಡದನ್ನು ಕಟ್ಟಿದ ಜನ ಈಗ ತಮ್ಮ ಹೆಸರನ್ನೇ ಮರೆತಿದ್ದಾರಲ್ಲ ಎಂಬ ಚಿಂತೆ ಅವರಿಗೆ ಹತ್ತಿತು.

ಮರೆತಿದ್ದರು ಎನ್ನುವುದು ಉತ್ಪ್ರೇಕ್ಷೆ ಅಲ್ಲ. ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಮುಂಬಯಿ ಇಲಾಖೆಯಲ್ಲಿ, ಬಳ್ಳಾರಿ, ಮಂಗಳೂರು ಮದ್ರಾಸಿನಲ್ಲಿ, ಬೀದರ, ಕಲಬುರ್ಗಿ, ರಾಯಚೂರು ಹೈದರಾಬಾದ್ ನಿಜಾಮರಲ್ಲಿ, ಮೈಸೂರು ಒಡೆಯರಲ್ಲಿ, ಕೊಡಗು ಬೇರೆ. ಇವುಗಳ ನಡುವೆ ಸಣ್ಣ ಸಂಸ್ಥಾನಗಳು ಬೇರೆ. ನಮ್ಮ ಜಿಲ್ಲೆಯನ್ನೇ ನೋಡಿ. ನವಲಗುಂದ ಬ್ರಿಟಿಷರದು. ಕುಂದಗೋಳ ಮಾತ್ರ ದೂರದ ಜಮಖಂಡಿ ರಾಜರದು. ಸ್ವಲ್ಪ ಆಚೆ ಹೋದರೆ ಲಕ್ಷ್ಮೇಶ್ವರ ಮಿರಜದವರದು, ಸವಣೂರು ನವಾಬರದು. ಇಂದು ನಮ್ಮ ಕಾಲೇಜಿಗೆ ಕುಂದಗೋಳದಿಂದ ಯಾರಾದರೂ ಬಂದರೆ ಅವರು ಬೇರೆ ರಾಜ್ಯ ದಾಟಿ ಬಂದರು ಎಂದು ನಮಗೆ ಕನಸಿನಲ್ಲೂ ಅನ್ನಿಸುವುದಿಲ್ಲ. ನಮ್ಮ ಮುತ್ತಜ್ಜಂದಿರಿಗೆ ಅದು ದಿನನಿತ್ಯದ ಮಾತಾಗಿತ್ತು. ಈ ಭಾಗದ ಕಚೇರಿಗಳಲ್ಲಿ, ಶಾಲೆಗಳಲ್ಲಿ ಬಹುಕಾಲ ಮರಾಠಿಯದೇ ಮಾತು. ಕಲಿತವರು ಎಂದರೆ ಮರಾಠಿ ಬಲ್ಲವರು ಎಂಬ ಕಾಲ ಅದು.

1905ರಲ್ಲಿ ಬ್ರಿಟಿಷರು ಬಂಗಾಳವನ್ನು ಎರಡು ಹೋಳು ಮಾಡಿದಾಗ ಇಡೀ ದೇಶ ಎದ್ದು ನಿಂತಿತು. ಅದಕ್ಕೂ ಮೊದಲೇ ಹತ್ತಾರು ಹೋಳಾಗಿದ್ದ ಕನ್ನಡ ನಾಡಿನ ಬಗ್ಗೆ ಯಾರೂ ಕೇಳುವವರಿರಲಿಲ್ಲ. ವೆಂಕಟರಾಯರು ಆ ಪ್ರಶ್ನೆ ಎತ್ತಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಸ್ಥಾಪಿಸಿದ್ದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕೆ ಸೇರಿ, ಅದರ 'ವಾಗ್ಭೂಷಣ' ಪತ್ರಿಕೆಯನ್ನು ನಡೆಸಿದರು. ಮುಂದೆ 1922ರಲ್ಲಿ 'ಜಯ ಕರ್ನಾಟಕ' ಎಂಬ ಸ್ವಂತ ಪತ್ರಿಕೆ ತೆಗೆದರು. ಊರೂರು ತಿರುಗಿ ಭಾಷಣ ಮಾಡಿದರು. ಆದರೆ ಅವರ ದೊಡ್ಡ ಕೆಲಸ ಒಂದು ಪುಸ್ತಕ. 1917ರಲ್ಲಿ ಬಂದ 'ಕರ್ನಾಟಕ ಗತವೈಭವ'.

ಆ ಪುಸ್ತಕ ಯಾಕೆ ದೊಡ್ಡದು ಎಂದು ಅರ್ಥವಾಗಬೇಕಾದರೆ ಅದಕ್ಕಿಂತ ಮೊದಲು ಏನಿತ್ತು ಎಂದು ತಿಳಿಯಬೇಕು. ನಮ್ಮ ಊರುಗಳ ಶಾಸನಗಳನ್ನು ಓದಿ, ಈ ಭಾಗದ ರಾಜವಂಶಗಳ ಇತಿಹಾಸವನ್ನು 1882ರಲ್ಲಿ ಬರೆದವರು ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿ. ಅದು ಇಂಗ್ಲಿಷಿನಲ್ಲಿತ್ತು. ಅಂದರೆ ಅಣ್ಣಿಗೇರಿಯ ಅಮೃತೇಶ್ವರ ಗುಡಿಯ ಪಕ್ಕದಲ್ಲಿ ಹುಟ್ಟಿದ ಮನುಷ್ಯನಿಗೆ, ಕಲ್ಯಾಣದ ಚಾಲುಕ್ಯರ ಕೊನೆಯ ಅರಸ ನಾಲ್ಕನೇ ಸೋಮೇಶ್ವರ ತನ್ನ ಊರಿನಿಂದಲೇ ಆಳಿದ ಎಂದು ತಿಳಿಯಬೇಕಾದರೆ ಇಂಗ್ಲಿಷ್ ಬರಬೇಕಿತ್ತು. ಗೊತ್ತಿದ್ದದ್ದು ನಾಲ್ಕು ಪಂಡಿತರಿಗೆ ಮಾತ್ರ. ವೆಂಕಟರಾಯರು ಶಾಸನ, ಕಾವ್ಯ, ಪ್ರವಾಸಿಗರ ಬರಹ ಎಲ್ಲವನ್ನೂ ಒಟ್ಟುಹಾಕಿ, ಸಾಮಾನ್ಯ ಓದುಗನಿಗೆ ತಿಳಿಯುವ ಹಾಗೆ, ಬಿಸಿ ರಕ್ತದ ಕನ್ನಡದಲ್ಲಿ ಬರೆದರು. ಕದಂಬರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ವಿಜಯನಗರ. ಓದಿದವರಿಗೆ, ನಾವು ಯಾರದೋ ಇಲಾಖೆಯ ಮೂಲೆಯಲ್ಲಿ ಬಿದ್ದವರಲ್ಲ, ನಮಗೂ ಒಂದು ಮನೆ ಇತ್ತು ಎಂಬ ಅರಿವು ಬಂತು.

ಅರಿವು ಬಂದ ಮೇಲೆ ರಾಜಕೀಯ ಬಂತು. 1916ರಲ್ಲಿ ಕರ್ನಾಟಕ ಸಭೆ ಹುಟ್ಟಿತು. 1920ರ ನಾಗಪುರ ಕಾಂಗ್ರೆಸ್ ಅಧಿವೇಶನದಲ್ಲಿ ಭಾಷೆಯ ಆಧಾರದ ಮೇಲೆ ಪ್ರಾಂತ ಸಮಿತಿಗಳನ್ನು ಒಪ್ಪಿದರು, ಕರ್ನಾಟಕಕ್ಕೂ ತನ್ನದೇ ಸಮಿತಿ ಸಿಕ್ಕಿತು. ಸರಕಾರದ ನಕಾಶೆಯಲ್ಲಿ ಇಲ್ಲದ ಕರ್ನಾಟಕ ಮೊದಲು ಕಾಂಗ್ರೆಸ್ಸಿನ ಕಾಗದದ ಮೇಲೆ ಹುಟ್ಟಿದ್ದು ಹಾಗೆ. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಅಧಿವೇಶನದ ಹೊತ್ತಿಗೇ ಅಲ್ಲಿಯೇ ಕರ್ನಾಟಕ ಏಕೀಕರಣ ಪರಿಷತ್ತೂ ನಡೆಯಿತು. 1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನಕ್ಕೆ ವೆಂಕಟರಾಯರೇ ಅಧ್ಯಕ್ಷರು.

ಸ್ವಾತಂತ್ರ್ಯ ಬಂದರೂ ನಾಡು ಒಂದಾಗಲಿಲ್ಲ. 1953ರಲ್ಲಿ ಹುಬ್ಬಳ್ಳಿ ಹತ್ತಿರದ ಅದರಗುಂಚಿಯಲ್ಲಿ ಶಂಕರಗೌಡರು ಉಪವಾಸ ಕುಳಿತರು. ಅದೇ ವರ್ಷ ಕೇಂದ್ರ ಸರಕಾರ ರಾಜ್ಯ ಪುನರ್ವಿಂಗಡಣಾ ಆಯೋಗ ನೇಮಿಸಿತು. ಅದರ ಅಧ್ಯಕ್ಷರು ನ್ಯಾಯಮೂರ್ತಿ ಸಯ್ಯದ್ ಫಜಲ್ ಅಲಿ. ದೇಶದ ತುಂಬ ತಿರುಗಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಮನವಿಗಳನ್ನು ಪಡೆದು, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ಮಾತು ಕೇಳಿ ಅವರು ವರದಿ ಕೊಟ್ಟರು. 1956ರ ನವೆಂಬರ್ ಒಂದರಂದು ನಾಡು ಒಂದಾದಾಗ ವೆಂಕಟರಾಯರಿಗೆ 76 ವರ್ಷ. ಕಂಡ ಕನಸು ಕಣ್ಣಿಗೆ ಬಿತ್ತು. 1964ರ ಫೆಬ್ರುವರಿ 25ರಂದು ಅವರು ತೀರಿಕೊಂಡರು. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರಲ್ಲಿ, ಅದನ್ನು ನೋಡಲು ಅವರಿರಲಿಲ್ಲ.

ಇದನ್ನೆಲ್ಲ ಓದುತ್ತಿರುವಾಗ ನಮ್ಮ ಇತಿಹಾಸ ಉಪನ್ಯಾಸಕರು ಇನ್ನೊಂದು ಹೆಸರು ಹೇಳಿದರು. ಸಲಾಹುದ್ದೀನ್ ಅಯ್ಯೂಬಿಯ ಕತೆ ನಮ್ಮ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಆತ ಅರಬನೂ ಅಲ್ಲ, ತುರ್ಕನೂ ಅಲ್ಲ, ಕುರ್ದ್ ಜನಾಂಗದವನು ಎಂಬುದು ನನಗೆ ಗೊತ್ತಿರಲಿಲ್ಲ. ಕುರ್ದರು ಇಂದು ಮೂರು ಕೋಟಿಗೂ ಹೆಚ್ಚು ಜನ ಇದ್ದಾರೆ. ಟರ್ಕಿ, ಇರಾಕ್, ಇರಾನ್, ಸಿರಿಯಾ ಹೀಗೆ ನಾಲ್ಕು ದೇಶಗಳಲ್ಲಿ ಹಂಚಿಹೋಗಿದ್ದಾರೆ. ಅವರಲ್ಲೂ ಒಬ್ಬ ವೆಂಕಟರಾಯರು ಇದ್ದರು. ಹೆಸರು ಮುಹಮ್ಮದ್ ಅಮೀನ್ ಜಕಿ ಬೇಗ್. ಹುಟ್ಟಿದ್ದು ಅದೇ 1880ರಲ್ಲಿ, ಈಗಿನ ಇರಾಕಿನ ಸುಲೈಮಾನಿಯಾ ಪಟ್ಟಣದಲ್ಲಿ. ಆಟೋಮನ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದು, ಆ ಸಾಮ್ರಾಜ್ಯ ಮುರಿದ ಮೇಲೆ ಇರಾಕಿಗೆ ಬಂದು ಹಲವು ಸಲ ಮಂತ್ರಿಯಾದರು. ಆದರೆ ಜನ ಅವರನ್ನು ನೆನೆಯುವುದು 1931ರಲ್ಲಿ ಕುರ್ದಿ ಭಾಷೆಯಲ್ಲಿ ಬರೆದ ಕುರ್ದರ ಇತಿಹಾಸಕ್ಕಾಗಿ. ತಮ್ಮ ಜನರ ಬಗ್ಗೆ ಬೇರೆಯವರು ಬೇರೆ ಭಾಷೆಗಳಲ್ಲಿ ಬರೆದದ್ದನ್ನು ಕೂಡಿಸಿ, ತಮ್ಮವರ ಕೈಗೆ ತಮ್ಮ ಭಾಷೆಯಲ್ಲಿ ಕೊಟ್ಟರು. ವೆಂಕಟರಾಯರು ಮಾಡಿದ್ದೂ ಇದನ್ನೇ.

ಇಬ್ಬರ ಜನರಿಗೂ 1920 ದೊಡ್ಡ ವರ್ಷ. ನಮಗೆ ನಾಗಪುರ ಅಧಿವೇಶನ. ಅವರಿಗೆ ಸೆವ್ರ್ ಒಪ್ಪಂದ, ಅದರಲ್ಲಿ ಕುರ್ದರಿಗೆ ಸ್ವಂತ ನಾಡು ಆಗಬಹುದು ಎಂಬ ಮಾತಿತ್ತು. ಮೂರೇ ವರ್ಷಕ್ಕೆ, 1923ರ ಲೊಸಾನ್ ಒಪ್ಪಂದದಲ್ಲಿ ಆ ಮಾತನ್ನು ಕೈಬಿಟ್ಟರು. ಜಕಿ ಬೇಗ್ 1948ರಲ್ಲಿ ತೀರಿಕೊಂಡಾಗ ಅವರ ಜನ ಹಂಚಿದಂತೆಯೇ ಇದ್ದರು. ಟರ್ಕಿಯಲ್ಲಂತೂ 1991ರ ತನಕ ಕುರ್ದಿಯಲ್ಲಿ ಪುಸ್ತಕ, ಪತ್ರಿಕೆ ಅಚ್ಚುಹಾಕಲು ಕಾನೂನೇ ಅಡ್ಡ ಇತ್ತು. ಇರಾಕಿನಲ್ಲಿ 2005ರ ಸಂವಿಧಾನದಲ್ಲಿ ಅರಬ್ಬಿಯ ಜೊತೆ ಕುರ್ದಿಗೂ ಅಧಿಕೃತ ಸ್ಥಾನ ಸಿಕ್ಕಿತು.

ಇದನ್ನು ಯಾಕೆ ಹೇಳಿದೆ ಎಂದರೆ, ನವೆಂಬರ್ ಒಂದು ನಮಗೆ ಸುಮ್ಮನೆ ಸಿಕ್ಕ ರಜೆ ಎಂದು ತಿಳಿದಿದ್ದೇವೆ. ಅರ್ಜಿ ಬರೆದು, ಪತ್ರಿಕೆ ನಡೆಸಿ, ಸಮ್ಮೇಳನ ಸೇರಿಸಿ, ಆಯೋಗದ ಮುಂದೆ ಹೇಳಿಕೆ ಕೊಟ್ಟು ನಾಡು ಪಡೆಯುವ ದಾರಿ ಎಲ್ಲ ಜನರಿಗೂ ಸಿಕ್ಕಿಲ್ಲ. ನಮ್ಮ ಹಿರಿಯರಿಗೆ ಸಿಕ್ಕಿತು. ಅವರು ಅದನ್ನು ಸರಿಯಾಗಿ ಬಳಸಿಕೊಂಡರು.

ಈಗ ನನ್ನ ತಕರಾರಿಗೆ ಬರುತ್ತೇನೆ. 'ಕರ್ನಾಟಕ ಗತವೈಭವ'ದಲ್ಲಿ ವೈಭವದ ಸಾಲು ವಿಜಯನಗರಕ್ಕೆ ಬಂದು ಶಿಖರ ಮುಟ್ಟುತ್ತದೆ. ಆಮೇಲಿನ ಕಾಲ ಅವರಿಗೆ ಇಳಿಜಾರಿನ ಹಾಗೆ ಕಾಣುತ್ತದೆ. ಆದರೆ ಅವರು ಹುಟ್ಟಿದ ಊರು ಬಿಜಾಪುರ. ಅವರ ಬಾಲ್ಯದ ಕಣ್ಣಿಗೆ ದಿನವೂ ಗೋಲಗುಮ್ಮಟ ಬಿದ್ದಿರಬೇಕು. ಅಲ್ಲಿ ಆಳಿದ ಎರಡನೇ ಇಬ್ರಾಹಿಂ ಆದಿಲಶಾಹ ಸಂಗೀತದ ಮೇಲೆ 'ಕಿತಾಬ್-ಎ-ನವರಸ್' ಬರೆದ. ಅದರಲ್ಲಿ ಸರಸ್ವತಿಯ ಸ್ತುತಿ ಇದೆ. ಜನ ಅವನನ್ನು ಜಗದ್ಗುರು ಬಾದಶಾಹ ಎಂದು ಕರೆದರು. ಇದೂ ಕರ್ನಾಟಕದ ವೈಭವ ಅಲ್ಲವೇ? ಈ ನೆಲದ ಕಲ್ಲು, ಈ ನೆಲದ ಕೆಲಸಗಾರರ ಬೆವರು ಅಲ್ಲವೇ?

ಇದಕ್ಕಾಗಿ ವೆಂಕಟರಾಯರ ಮೇಲೆ ಸಿಟ್ಟು ಮಾಡಿಕೊಳ್ಳಬೇಕು ಎಂದು ನನಗೆ ಅನ್ನಿಸುವುದಿಲ್ಲ. ಮಲಗಿದ ಜನರನ್ನು ಎಬ್ಬಿಸಲು ಹೊರಟವರು ಅವರು. ತಮ್ಮ ಕಣ್ಣಿಗೆ ಅತಿ ಎತ್ತರ ಕಂಡದ್ದನ್ನು ತೋರಿಸಿದರು. ಒಬ್ಬ ಮನುಷ್ಯ ಒಂದು ಜನ್ಮದಲ್ಲಿ ಎಲ್ಲ ಪುಟಗಳನ್ನೂ ಬರೆಯಲು ಆಗುವುದಿಲ್ಲ. ಆದರೆ ನೂರು ವರ್ಷದ ಮೇಲೂ ನಾವು ಅದೇ ಪಟ್ಟಿಯನ್ನು ಬಾಯಿಪಾಠ ಹೇಳುತ್ತಿದ್ದರೆ ತಪ್ಪು ನಮ್ಮದು. ನನಗೆ ಬಹುಮಾನ ಕೊಟ್ಟ ಹಿರಿಯರಿಗೆ ನಮ್ಮ ಮಂದಿಯ ಕನ್ನಡ ಗೊತ್ತಿರಲಿಲ್ಲ ನಿಜ. ಗೊತ್ತಾಗುವ ಹಾಗೆ ನಾವು ಏನು ಬರೆದಿಟ್ಟಿದ್ದೇವೆ?

ಬರೆಯಲು ಏನೂ ಇಲ್ಲ ಅನ್ನುವ ಹಾಗಿಲ್ಲ. ಶಿಶುನಾಳದ ಶರೀಫ ಸಾಹೇಬರಿಗೆ ಗುರುವಾದ ಗೋವಿಂದಭಟ್ಟರು ನಮ್ಮ ಕುಂದಗೋಳ ತಾಲೂಕಿನ ಕಳಸದವರು. ಶರೀಫರು ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ಮೊಹರಂ ಬಂದರೆ ನಮ್ಮ ಹಳ್ಳಿಗಳಲ್ಲಿ ಕರ್ಬಲಾದ ಕತೆಯನ್ನು ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ಆ ಹಾಡು ಕನ್ನಡದಲ್ಲಿ ಇರುತ್ತದೆ. ಹಾಡುವವರಲ್ಲಿ ಅರ್ಧ ಮಂದಿ ಹಿಂದೂಗಳು. 1980ರ ಜುಲೈ 21ರಂದು ಮಲಪ್ರಭಾ ನೀರಿನ ಕರದ ವಿರುದ್ಧ ನವಲಗುಂದ, ನರಗುಂದದ ರೈತರು ಎದ್ದದ್ದನ್ನು ಕಣ್ಣಾರೆ ಕಂಡ ಅಜ್ಜಂದಿರು ಇನ್ನೂ ನಮ್ಮ ಕಟ್ಟೆಗಳ ಮೇಲೆ ಕೂಡುತ್ತಾರೆ. ನಾವು ಕೇಳಿದರೆ ಹೇಳುತ್ತಾರೆ. ನಾವು ಕೇಳಿಲ್ಲ.

ನನ್ನ ಮನೆಯದೇ ಮಾತು ಹೇಳುತ್ತೇನೆ. ನಮ್ಮ ದಾದಿ ಜಮಖಾನ ನೇಯುತ್ತಾರೆ. ನವಲಗುಂದದ ಜಮಖಾನಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಅದನ್ನು ಪತ್ರಿಕೆಗಳಲ್ಲಿ ನೀವು ಓದಿರಬಹುದು. ನೆಟ್ಟಗೆ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ಹೆಣ್ಣುಮಕ್ಕಳೇ ನೇಯುವ ಕಸುಬು ಇದು. ನವಿಲು, ಪಗಡೆ ಹಾಸು, ನಮಾಜಿನ ಜಾನಮಾಜ್. ಚಿತ್ರ ಬರೆದುಕೊಳ್ಳುವುದಿಲ್ಲ, ಎಲ್ಲವೂ ಬೆರಳಿನ ನೆನಪು. ಬಹಳ ಹಿಂದೆ ಬಿಜಾಪುರದ ಕಡೆಯಿಂದ ಬಂದ ಮನೆತನಗಳು ಇದನ್ನು ಇಲ್ಲಿಗೆ ತಂದವು ಎಂದು ಹಿರಿಯರು ಹೇಳುತ್ತಾರೆ. ಕಸುಬು ಊರು ಬಿಟ್ಟು ಹೋಗಬಾರದು ಎಂದು ಮಗಳಿಗೆ ಕಲಿಸದೆ ಸೊಸೆಗೆ ಮಾತ್ರ ಕಲಿಸುವ ರೂಢಿ ಇತ್ತು. ನಾನು ಮಗಳ ಸಾಲಿನವಳು. ನನಗೆ ಕಲಿಸಲಿಲ್ಲ. ಸೊಸೆಯಾಗಿ ಬಂದ ನಮ್ಮ ಅಮ್ಮಿಗೆ ಕಲಿಯಲು ಪುರಸತ್ತು ಸಿಗಲಿಲ್ಲ, ಅದರಲ್ಲಿ ಹೊಟ್ಟೆ ತುಂಬುವ ಕೂಲಿಯೂ ಇರಲಿಲ್ಲ. ದಾದಿಗೆ ಈಗ ಕಣ್ಣು ಮಂಜು. ಅವರ ಬೆರಳು ನಿಂತರೆ ನಮ್ಮ ಮನೆಯಲ್ಲಿ ನವಿಲು ಹೇಗೆ ನೇಯುತ್ತಾರೆ ಎಂದು ಹೇಳುವವರು ಯಾರೂ ಇಲ್ಲ.

ಕಳೆದ ತಿಂಗಳು ಒಂದು ನೋಟ್‌ಬುಕ್ ಹಿಡಿದು ದಾದಿಯ ಪಕ್ಕ ಕುಳಿತೆ. ಮೊದಲು ನಕ್ಕರು. ಇದನ್ನು ಬರೆದರೆ ಪರೀಕ್ಷೆಯಲ್ಲಿ ಎಷ್ಟು ಮಾರ್ಕು ಎಂದು ಕೇಳಿದರು. ಆಮೇಲೆ ತಾವೇ ಹೇಳತೊಡಗಿದರು. ಯಾವ ಬಣ್ಣ ಮೊದಲು, ಎಷ್ಟು ಎಳೆ ಬಿಟ್ಟು ಕೊಕ್ಕು ತಿರುಗಿಸಬೇಕು, ತಮಗೆ ಕಲಿಸಿದ ಅತ್ತೆ ಎಷ್ಟು ಸಲ ಬಿಚ್ಚಿಸಿ ಮತ್ತೆ ನೇಯಿಸಿದ್ದರು. ಅವರು ಉರ್ದುವಿನಲ್ಲಿ ಹೇಳಿದರು, ನಾನು ಕನ್ನಡದಲ್ಲಿ ಬರೆದುಕೊಂಡೆ. ಹದಿನೇಳು ಪುಟ ಆಗಿದೆ. ನೇಯಲು ನನಗೆ ಬರುವುದಿಲ್ಲ, ಬರೆಯಲು ಬರುತ್ತದೆ. ಆಗ ನನಗೆ ವೆಂಕಟರಾಯರು ಹಂಪಿಯಿಂದ ಬಂದು ಯಾಕೆ ವಕೀಲಿ ಬಿಟ್ಟರು ಎಂಬುದು ಸ್ವಲ್ಪ ತಿಳಿಯಿತು.

ಕೆಲವು ಗೆಳೆಯರು ಎರಡು ಮಾತು ಹೇಳುತ್ತಾರೆ. ಒಂದು, "ಆಲೂರು ಅವರ ಇತಿಹಾಸದಾಗ ನಾವಿಲ್ಲ, ನಮಗ್ಯಾಕ ಅದು?" ಅವರಿಗೆ ನನ್ನ ಉತ್ತರ: ಅವರ ಕೆಲಸದಿಂದ ಆದ ನಾಡಿನಲ್ಲಿ ನಾವಿದ್ದೇವೆ. ಅಣ್ಣಿಗೇರಿ ಪಂಪನ ತಾಯಿಯ ಊರು ಎಂಬ ಹೆಮ್ಮೆ ಅಣ್ಣಿಗೇರಿಯ ದರ್ಗಾ ಓಣಿಯ ಹುಡುಗನಿಗೂ ಸೇರಿದ್ದು. ಬೇಡ ಎಂದು ನಾವೇ ಎದ್ದು ಹೋದರೆ ಖಾಲಿ ಜಾಗ ಯಾರದೂ ಅಲ್ಲ ಎನ್ನುವವರಿಗೆ ಸುಲಭವಾಗುತ್ತದೆ. ಎರಡನೇ ಮಾತು, "ಪರೀಕ್ಷೆ ಇದೆ, ನೀಟ್ ಇದೆ, ಇದಕ್ಕೆಲ್ಲ ವೇಳೆ ಎಲ್ಲಿ?" ಖರೆ, ಮೊದಲು ಓದಬೇಕು. ಆದರೆ ಅಜ್ಜ-ಅಜ್ಜಿಯರು ನಮ್ಮ ಪರೀಕ್ಷೆ ಮುಗಿಯುವ ತನಕ ಕಾಯುತ್ತಾರೆ ಎಂಬ ಖಾತ್ರಿ ಯಾರೂ ಕೊಡುವುದಿಲ್ಲ.

ಅದಕ್ಕೆ ನನ್ನದೊಂದು ವಿನಂತಿ. ಈ ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ 'ನಮ್ಮೂರು' ಎಂದು ಒಂದು ಪುಟ ಇಡೋಣ. ಪ್ರತಿ ವಿದ್ಯಾರ್ಥಿ ತನ್ನ ಹಳ್ಳಿಯ ಒಂದು ಸಂಗತಿ ತರಲಿ. ಕೆರೆ, ದರ್ಗಾ, ಗುಡಿ, ಬಾವಿ, ಕಸುಬು, ಹಾಡು, ಜಗಳ, ರಾಜಿ, ಯಾವುದಾದರೂ ಸರಿ. ನಿಯಮ ಮೂರೇ ಇರಲಿ. ಹೇಳಿದವರು ಯಾರು, ಎಂದು ಹೇಳಿದರು ಎಂಬುದನ್ನು ಬರೆಯಬೇಕು. ಕಂಡದ್ದನ್ನು ಕಂಡದ್ದು, ಕೇಳಿದ್ದನ್ನು ಕೇಳಿದ್ದು ಎಂದೇ ಬರೆಯಬೇಕು. ನಮ್ಮವರ ತಪ್ಪು ಕಂಡರೂ ಮುಚ್ಚಿಡಬಾರದು, ಬರೀ ಹೊಗಳಿಕೆಯಾದರೆ ನಾಳೆ ಯಾರೂ ನಂಬುವುದಿಲ್ಲ. ವರ್ಷದ ಕೊನೆಗೆ ಎಲ್ಲವನ್ನೂ ಒಂದು ಫೈಲಿನಲ್ಲಿ ಹೊಲಿದು ನಮ್ಮ ಲೈಬ್ರರಿಯಲ್ಲಿ 'ಕರ್ನಾಟಕ ಗತವೈಭವ'ದ ಪಕ್ಕದಲ್ಲಿಯೇ ಇಡೋಣ.

ಮುಂದಿನ ರಾಜ್ಯೋತ್ಸವಕ್ಕೆ ಆ ಭಾವಚಿತ್ರ ಮತ್ತೆ ಮೇಜಿನ ಮೇಲೆ ಬರುತ್ತದೆ. ಆಗ ಹಿಂದಿನ ಸಾಲಿನವರು ಹೆಸರು ತಪ್ಪು ಹೇಳಬಾರದು. ದಾದಿಯ ಹದಿನೇಳು ಪುಟವನ್ನು ನಾನು ಸಂಪಾದಕರಿಗೆ ಈಗಾಗಲೇ ಕೊಟ್ಟಿದ್ದೇನೆ. ನಿಮ್ಮ ಊರಿನ ಪುಟ ಯಾವಾಗ ಕೊಡುತ್ತೀರಿ?

– ದ್ವಿತೀಯ ಪಿಯುಸಿ ಕಲಾ ವಿಭಾಗದ ವಿದ್ಯಾರ್ಥಿನಿ